ಸೋಮನೂರಿನಿಂದ ಒಂದು ಪುಲ್ ರಿಕ್ವೆಸ್ಟ್

ರಾತ್ರಿ ಹನ್ನೊಂದು. ಕೊಯಮತ್ತೂರಿಗೆ ಪೂರ್ವದ ಸೋಮನೂರು. ಗೋಡೆಯಾಚೆ ಪವರ್‌ಲೂಮುಗಳು ಕಾಡಾ ಬಟ್ಟೆ ನೇಯುತ್ತಿವೆ. ಆ ಸದ್ದಿಗೆ ಮೇಜಿನ ಮೇಲಿನ ಲೋಟ ಸಣ್ಣಗೆ ನಡುಗುತ್ತಿದೆ. ಚೌಡೇಶ್ವರಿ ಅಮ್ಮನ ಪಟದ ಕೆಳಗೆ ನಿಮ್ಮ ಲ್ಯಾಪ್‌ಟಾಪ್. ಬಿಟ್‌ಕಾಯಿನ್ ಜಾಲ ನಡೆಸುವ ತಂತ್ರಾಂಶ, ಬಿಟ್‌ಕಾಯಿನ್ ಕೋರ್, ಬಿಲ್ಡ್ ಆಗುತ್ತಿದೆ. ಸಿ ಪ್ಲಸ್ ಪ್ಲಸ್ ಫೈಲುಗಳು ಒಂದೊಂದಾಗಿ ಸರಿಯುತ್ತಿವೆ, ಲ್ಯಾಪ್‌ಟಾಪ್ ಮುಟ್ಟಿದರೆ ಬಿಸಿ.

ನೀವು ಕೈಹಾಕಿರುವುದು ಒಂದು ಟೆಸ್ಟ್‌ಗೆ ಮಾತ್ರ. ಯಾವ ಬ್ಲಾಕ್ ಸರಿ ಎಂದು ತೀರ್ಮಾನಿಸುವ ಕನ್ಸೆನ್ಸಸ್ ಕೋಡಿನ ತಂಟೆಗೆ ಹೊಸಬರು ಹೋಗುವುದಿಲ್ಲ. ಪಳಗಿದವರೂ ಅಲ್ಲಿ ಎಡವಿದ್ದಾರೆ. ಒಂದೇ ವ್ಯವಹಾರದೊಳಗೆ ಅದೇ ಹಣವನ್ನು ಎರಡು ಸಲ ಖರ್ಚಿಗೆ ಹಾಕಿದ್ದಾರೆಯೇ ಎಂದು ನೋಡುವ ತಪಾಸಣೆಯೊಂದಿತ್ತು. ಬ್ಲಾಕ್ ಪರಿಶೀಲನೆ ಚುರುಕಾಗಲಿ ಎಂದು 2016ರಲ್ಲಿ ಅದನ್ನು ಆ ಹಂತದಲ್ಲಿ ಕೈಬಿಟ್ಟರು. ಬೇರೆ ಕಡೆ ನೋಡಿಯೇ ಇರುತ್ತದೆಂಬ ನಂಬಿಕೆ. 2018ರ ಸೆಪ್ಟೆಂಬರಿನಲ್ಲಿ ತಪ್ಪು ಹೊರಬಿದ್ದು, 0.16.3 ಆವೃತ್ತಿ ತರಾತುರಿಯಲ್ಲಿ ಬಂತು. ಇಲ್ಲದ ನಾಣ್ಯ ಹುಟ್ಟಿಸಲು ದಾರಿ ತೆರೆದೇ ಇತ್ತು, 2.1 ಕೋಟಿ ನಾಣ್ಯಗಳ ಮಿತಿ ಬರೀ ಮಾತಾಗುತ್ತಿತ್ತು. ಪುಣ್ಯಕ್ಕೆ ಬಿಟ್‌ಕಾಯಿನ್ ಜಾಲದಲ್ಲಿ ಅದನ್ನು ಯಾರೂ ದುರುಪಯೋಗ ಮಾಡಿಕೊಳ್ಳಲಿಲ್ಲ.

ಬಿಲ್ಡ್ ಮುಗಿಯಿತು. ರೆಗ್‌ಟೆಸ್ಟ್ ಎಬ್ಬಿಸುತ್ತೀರಿ. ಇದು ನಿಮ್ಮ ಯಂತ್ರದೊಳಗೇ ಇರುವ ಖಾಸಗಿ ಸರಪಳಿ. ನಿಜವಾದ ಜಾಲದಂತೆ ಒಂದು ಬ್ಲಾಕ್‌ಗೆ ಸುಮಾರು ಹತ್ತು ನಿಮಿಷ ಕಾಯಬೇಕಿಲ್ಲ, ಕೇಳಿದ ಕ್ಷಣ ಸಿದ್ಧ. ಪೈಥಾನ್ ಟೆಸ್ಟ್ ಪಾಸ್. ಅಷ್ಟಕ್ಕೇ ನಂಬುವಂತಿಲ್ಲ. ಮೂಲ ಕೋಡಿನ ಒಂದು ಸಾಲನ್ನು ಬೇಕೆಂದೇ ಕೆಡಿಸಿ ಮತ್ತೆ ಓಡಿಸುತ್ತೀರಿ. ಫೇಲ್! ಖುಷಿಪಡಬೇಕಾದ ಫೇಲ್ ಇದು: ತಪ್ಪು ಬಂದರೆ ಟೆಸ್ಟ್ ಹಿಡಿಯುತ್ತದೆ.

ಮಗ್ಗದ ಮನೆಯಿಂದ ಬಂದ ಅಪ್ಪ ಪರದೆಯತ್ತ ಬಗ್ಗುತ್ತಾರೆ. "ಇದಕ್ಕೆ ಕೂಲಿ ಎಷ್ಟು?"

"ಕೂಲಿ ಇಲ್ಲಪ್ಪ."

ವರ್ಷಗಟ್ಟಲೆ ದುಡಿದ ಕೆಲವರಿಗೆ ಧನಸಹಾಯ ಸಿಗುವುದುಂಟು, ನಿಜ. ಆದರೆ ಕೂಲಿ ಏರಿಸಿ ಎಂದು ಮಗ್ಗ ನಿಲ್ಲಿಸಿ ಮುಷ್ಕರ ಹೂಡಿದ ಊರಿನಲ್ಲಿ ಆ ಮಾತು ಎತ್ತಿ ಪ್ರಯೋಜನವಿಲ್ಲ. ಅಪ್ಪ ಸುಮ್ಮನೆ ಒಳಗೆ ಹೋಗುತ್ತಾರೆ.

ನಿಮ್ಮ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ, ಪುಲ್ ರಿಕ್ವೆಸ್ಟ್, ಕಳಿಸುತ್ತೀರಿ. ಕಾಯುತ್ತೀರಿ. ಇಲ್ಲಿ ಬರೆಯುವವರಿಗೆ ಬರವಿಲ್ಲ, ಓದಿ ನೋಡುವವರಿಗೇ ಬರ. ದಿನಗಳ ಮೇಲೆ ಯಾರೋ ಒಬ್ಬರು ಬರುತ್ತಾರೆ: "ಕಾನ್ಸೆಪ್ಟ್ ಆ್ಯಕ್". ವಿಚಾರಕ್ಕೆ ಒಪ್ಪಿಗೆ, ಕೋಡಿಗಿನ್ನೂ ಇಲ್ಲ. ಮತ್ತೊಬ್ಬರು ಕೋಡ್ ಇಳಿಸಿಕೊಂಡು, ತಮ್ಮ ಯಂತ್ರದಲ್ಲಿ ಓಡಿಸಿ, ಕಮಿಟ್‌ನ ಗುರುತಾದ ಹ್ಯಾಶ್ ಬರೆದು ಪೂರ್ತಿ ಆ್ಯಕ್ ಕೊಡುತ್ತಾರೆ. ಮೂರನೆಯವರದು ಒಂದು ನಿಟ್, ಅಂದರೆ ಸಣ್ಣ ತಕರಾರು: ಈ ಖಾಲಿ ಸಾಲು ಬೇಡ.

ಖಾಲಿ ಸಾಲು ತೆಗೆದು, ಅದೇ ಕಮಿಟ್‌ಗೆ ಸೇರಿಸಿ ಪುಶ್ ಮಾಡುತ್ತೀರಿ. ಹ್ಯಾಶ್ ಬದಲಾಯಿತು. ಆ್ಯಕ್ ಸಿಕ್ಕಿದ್ದು ಹಳೆಯ ಹ್ಯಾಶ್‌ಗೆ. ಕೊಟ್ಟವರು ಇನ್ನೊಮ್ಮೆ ಬಂದು ನೋಡಬೇಕು.