ಹೊಲಿದ ಕೈ

ನಮ್ಮಕ್ಕ ಹೊಲಿಗೆ ಕ್ಲಾಸಿನಲ್ಲಿ ಸ್ಮಾಕಿಂಗ್ ಕಲಿತು ಬಂದದ್ದು 1984ರಲ್ಲಿ. ಎದೆಯಳತೆಯ ಸುಮಾರು 3ರಷ್ಟು ಬಟ್ಟೆ ಬೇಕು. ಸಾಲಾಗಿ ಚುಕ್ಕಿ ಇಟ್ಟು, ಚುಕ್ಕಿಗಳಲ್ಲಿ ದಾರ ಹಾಯಿಸಿ ಎಳೆದರೆ ನೆರಿಗೆ ಕೂಡುತ್ತದೆ. ನೆರಿಗೆಯ ಮೇಲೆ ಬಣ್ಣದ ದಾರದಲ್ಲಿ ಜೇನುಗೂಡಿನಂತೆ ಹೊಲಿದು, ಮೊದಲಿನ ದಾರ ಕಿತ್ತುಬಿಡಬೇಕು. ಮಗು ಬೆಳೆದಂತೆ ಅಂಗಿಯೂ ಹಿಗ್ಗುತ್ತದೆ.

ಊರ ದೊಡ್ಡಮನೆಯವರು ಮೊಮ್ಮಗಳಿಗೊಂದು ಹೊಲಿಸಿದರು. ಬುಡ್ಡಿ ಬೆಳಕಲ್ಲಿ ಅಕ್ಕ 15 ರಾತ್ರಿ ಕೂತಳು. ಕೊಡಲು ಹೋದಾಗ ನಾನೂ ಇದ್ದೆ. ಜಗಲಿ ಮೇಲೆ ಇಡಿಸಿದರು. ನೀರು ಚಿಮುಕಿಸಿ ಒಳಗೆ ತಗೊಂಡರು. ಕಾಸನ್ನು ಮೇಲಿಂದ ಅಂಗೈಗೆ ಬಿಟ್ಟರು. "ಮೊಮ್ಮಕ್ಕಳ ಕಾಲಕ್ಕೂ ಇಡ್ತೀವಿ ಕಣಮ್ಮಿ" ಅಂದರು.

"ಆ ನೀರು ಯಾಕಕ್ಕ?"

"ಹೊಲ್ಗೆ ಬೇಕು, ಹೊಲ್ದ ಕೈ ಬ್ಯಾಡ ಕಣ್ಲಾ."

ಆಮೇಲೆ ಓದಿ ತಿಳಿದೆ. ಈ ಹೊಲಿಗೆ 18, 19ನೆಯ ಶತಮಾನದ ಇಂಗ್ಲೆಂಡಿನ ಹೊಲದ ಆಳುಗಳದು. ಉಳುವವರು, ಕುರಿ ಕಾಯುವವರು ತೊಟ್ಟ ನಿಲುವಂಗಿಯದು. ದುಡಿಯುವ ಮೈ ಸಲೀಸಾಗಿ ಆಡಲಿ ಅಂತ ಆ ನೆರಿಗೆ. ಅವರು ಅದನ್ನು ಬಿಡುತ್ತ ಬಂದಾಗ ಉಳ್ಳವರು ತಮ್ಮ ಮಕ್ಕಳಿಗೆ ಹೊಲಿಸತೊಡಗಿದರು.

ಅಕ್ಕನಿಗೆ ಹೇಳಿದೆ. "ಹಂಗಾದ್ರೆ ಇದು ನಮ್ಮಂಥೋರ್ದೇ" ಅಂದಳು. ಅವ್ವನ ಹಳೇ ಸೀರೆಯಲ್ಲಿ ತನ್ನ ಮಗಳಿಗೆ ಹೊಲಿದಳು. ಅದನ್ನೀಗ ಮೊಮ್ಮಗಳು ತೊಡುತ್ತಾಳೆ. ಮುಂದಿನವರಿಗೆಂದು ಎತ್ತಿಡುವಂಥದ್ದು ನಮ್ಮ ಟ್ರಂಕಿನಲ್ಲೂ ಒಂದಿದೆ.