ಕಾವಲಿನವನ ಮನೆಯಾಕೆ

ಗಂಡಹೆಂಡಿರಿಬ್ಬರೂ ಗುಪ್ತಚಾರರಾಗಿದ್ದು, ವೇಷ ಮರೆಸಿಕೊಂಡು ಊರೂರು ಅಲೆದು, ಭಯೋತ್ಪಾದಕರ ಸಂಚನ್ನು ಮುರಿಯುವ ಚಲಚ್ಚಿತ್ರಗಳು ಈಗ ಎಲ್ಲರ ನಡುಮನೆಗೂ ಬಂದಿವೆ. ನಮ್ಮ ಮನೆಯ ಮಕ್ಕಳು ಅವನ್ನು ಉಸಿರು ಬಿಗಿಹಿಡಿದು ನೋಡುತ್ತಾರೆ. ನಾನೂ ನೋಡುತ್ತೇನೆ, ಇಲ್ಲವೆಂದರೆ ಸುಳ್ಳಾದೀತು. ಮೋಟಾರುಗಳು ಹಾರುವುದೂ ಮಹಡಿಗಳು ಸಿಡಿಯುವುದೂ ನನಗೆ ಬೇಗ ಬೇಸರ ತರುತ್ತವೆ. ಆದರೆ ಆ ದಂಪತಿಗಳು ರಾತ್ರಿ ಊಟಕ್ಕೆ ಕುಳಿತು, ಹಗಲು ನಡೆದುದೊಂದನ್ನೂ ಆಡದೆ, ಸಾರಿಗೆ ಉಪ್ಪು ಸಾಲದೆಂದು ಮಾತ್ರ ಹೇಳಿಕೊಳ್ಳುವ ದೃಶ್ಯ ಬಂದರೆ ಕೈಯಲ್ಲಿನ ಕೆಲಸವನ್ನು ಬಿಟ್ಟು ನೋಡುತ್ತೇನೆ.

ನನ್ನ ಯಜಮಾನರು ಪೊಲೀಸು ಇಲಾಖೆಯಲ್ಲಿದ್ದವರು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಕಡೆಗೆ ಚಿತ್ರದುರ್ಗ, ಹೀಗೆ ನಮ್ಮ ಸಂಸಾರದ ಪಾತ್ರೆಪದಾರ್ಥಗಳು ಒಂದು ವಸತಿಗೃಹದಿಂದ ಇನ್ನೊಂದಕ್ಕೆ ತಿರುಗಿದವು. ಸಂಬಳ ಅವರದು, ಆದರೆ ಅರ್ಧರಾತ್ರಿಯಲ್ಲಿ ಬಾಗಿಲು ತಟ್ಟಿದವರಿಗೆ ಮೊದಲು ಓಗೊಟ್ಟವಳು ನಾನು. ಏನು ನಡೆಯಿತೆಂದು ಅವರು ಹೇಳುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ. ಅವರು ಮುದ್ದೆ ಮುರಿಯುವ ರೀತಿಯಿಂದಲೇ ತಿಳಿದುಕೊಳ್ಳುತ್ತಿದ್ದೆ. ಆದುದರಿಂದಲೋ ಏನೋ, ದುರ್ಗದ ಓಬವ್ವನ ಕಥೆಯನ್ನು ಕೇಳುವಾಗ ನನ್ನ ಲಕ್ಷ್ಯವು ಎಲ್ಲರಂತೆ ಒನಕೆಯ ಮೇಲೆ ನಿಲ್ಲದೆ, ಆಕೆಯ ಗಂಡನ ಊಟದ ಮೇಲೆ ಹೋಗಿ ನಿಲ್ಲುತ್ತದೆ.

ಕಥೆ ಎಲ್ಲರೂ ಬಲ್ಲದ್ದೇ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ, ಮದಕರಿನಾಯಕನ ಕಾಲದಲ್ಲಿ, ಹೈದರಾಲಿಯ ದಂಡು ಏಳುಸುತ್ತಿನ ಕೋಟೆಯನ್ನು ಮುತ್ತಿತು. ಬಂಡೆಗಳ ಸಂದಿನಲ್ಲಿ ಒಬ್ಬರೇ ನುಸುಳಬಹುದಾದ ಕಿಂಡಿಯೊಂದು ಶತ್ರುಗಳ ಕಣ್ಣಿಗೆ ಬಿತ್ತು. ಮೊಸರು ಮಾರುವವಳೊಬ್ಬಳು ಅಲ್ಲಿ ಬಂದುಹೋಗುವುದನ್ನು ಕಂಡು ತಿಳಿದರೆಂದು ಹೇಳುವವರುಂಟು. ಆ ಬದಿಯ ಕಾವಲುಗಾರ ಮುದ್ದಹನುಮನು ಉಣ್ಣಲು ಮನೆಗೆ ಬಂದಿದ್ದನು. ಅವನ ಹೆಂಡತಿ ಓಬವ್ವ ನೀರು ತರಲು ತಣ್ಣೀರು ದೋಣಿಗೆ ಹೊರಟವಳು ಕಿಂಡಿಯ ಬಳಿ ಪಿಸುಮಾತನ್ನು ಕೇಳಿದಳು. ಒನಕೆಯನ್ನು ಹಿಡಿದು ಪಕ್ಕದಲ್ಲಿ ನಿಂತಳು. ತೂರಿದ ತಲೆಯನ್ನು ಬಡಿದಳು, ಹೆಣವನ್ನು ಎಳೆದು ಬದಿಗಿಟ್ಟಳು, ಮುಂದಿನ ತಲೆಗಾಗಿ ಕಾದಳು.

(ಹೈದರನ ಸೈನಿಕರನ್ನು ನಾನು ಭಯೋತ್ಪಾದಕರೆನ್ನುತ್ತಿಲ್ಲ. ಅವರು ಯುದ್ಧಕ್ಕೆ ಬಂದವರು. ಅವರ ಮನೆಗಳಲ್ಲಿಯೂ ಒರಳು ಒನಕೆಗಳಿದ್ದವು, ಕಾಯುವ ಹೆಂಗಸರಿದ್ದರು.)

ಒನಕೆ ಹಿಡಿದು ಬಲ್ಲವರಿಗೆ ಅದರ ಮರ್ಮ ಗೊತ್ತು. ಎತ್ತುವುದಕ್ಕೆ ತೋಳಿನ ಬಲ ಬೇಕು. ಆದರೆ ಬೀಳುವಾಗ ಅದರ ಭಾರವೇ ಕೆಲಸ ಮಾಡುತ್ತದೆ, ಕೈಯಾದರೋ ಗುರಿಯನ್ನು ಮಾತ್ರ ಕಾಯುತ್ತದೆ. ದಿನವೂ ನೂರಾರು ಸಲ ಒಂದೇ ಕುಳಿಗೆ ತಪ್ಪದೆ ಹಾಕಿದವಳಿಗೆ ಆ ಕಿಂಡಿಯು ಇನ್ನೊಂದು ಒರಳಿನಂತೆಯೇ ಕಂಡಿರಬೇಕು. ಅದಕ್ಕಿಂತಲೂ ನನ್ನನ್ನು ಬೆರಗುಗೊಳಿಸುವುದು ಹೆಣವನ್ನು ಬದಿಗೆಳೆದ ಆಕೆಯ ಬುದ್ಧಿ. ಕಿಂಡಿ ಮುಚ್ಚಿಹೋಗಿದ್ದರೆ, ಒಂದು ಕೂಗು ಹೊರಬಿದ್ದಿದ್ದರೆ, ಆಚೆಯವರು ಎಚ್ಚತ್ತು ಬೇರೆ ದಾರಿ ಹಿಡಿಯುತ್ತಿದ್ದರು.

ಊಟಕ್ಕೆ ಕುಳಿತ ಗಂಡನನ್ನು ಎಬ್ಬಿಸಲಾರದೆ ಒಬ್ಬಳೇ ನಿಂತಳೆಂದು ನಮ್ಮ ಹಿರಿಯರು ಹೇಳುವರು, ಪತಿಭಕ್ತಿಯೆಂದು ಕೊಂಡಾಡುವರು. ನನಗೆ ಇದು ಅಷ್ಟಾಗಿ ಒಪ್ಪಿಗೆಯಿಲ್ಲ. ಕಾವಲಿನವನೊಡನೆ ವರ್ಷಗಟ್ಟಲೆ ಬಾಳಿದವಳಿಗೆ ಕಾವಲಿನ ನಿಯಮವೂ ಬಂದಿರುತ್ತದೆ. ಕೂಗಿದರೆ ಗುಟ್ಟು ಹೋಗುತ್ತದೆ. ಕರೆಯಲು ಓಡಿದರೆ ಅಷ್ಟರಲ್ಲಿ ನಾಲ್ವರು ಒಳಬರುತ್ತಾರೆ. ಅವಳು ಲೆಕ್ಕ ಹಾಕಿದಳು. ಪಟ್ಟಿಯಲ್ಲಿ ಹೆಸರಿಲ್ಲದ ಕಾವಲುಗಾರಳೊಬ್ಬಳು ತನ್ನ ಸರದಿಯನ್ನು ನಡೆಸಿದಳು, ಅಷ್ಟೆ.

ವೇಷ ಮರೆಸಿದ ದಂಪತಿಗಳು ಲೋಕದ ಇತಿಹಾಸದಲ್ಲಿ ಇಲ್ಲವೆಂದಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಗುಪ್ತದಳದ ಓಡೆಟ್ ಮತ್ತು ಪೀಟರ್ ಚರ್ಚಿಲ್ ಎಂಬವರು ಫ್ರಾನ್ಸಿನಲ್ಲಿ ಕೆಲಸ ಮಾಡುತ್ತಿದ್ದು, 1943ರ ಏಪ್ರಿಲಿನಲ್ಲಿ ಸೆರೆಸಿಕ್ಕರು. ಆಗ ಓಡೆಟ್ ತಾವಿಬ್ಬರೂ ಗಂಡಹೆಂಡಿರೆಂದೂ, ಪೀಟರನು ಪ್ರಧಾನಮಂತ್ರಿ ಚರ್ಚಿಲ್ಲರ ಬಂಧುವೆಂದೂ ಹೇಳಿದಳು. ಎರಡೂ ಸುಳ್ಳು. ಇಬ್ಬರೂ ಸೆರೆಮನೆಗಳನ್ನು ಕಂಡು ಬದುಕಿ ಬಂದರು. 1947ರಲ್ಲಿ ನಿಜವಾಗಿಯೇ ಮದುವೆಯಾದರು. ಅವರಿಗೆ ದಾಂಪತ್ಯವು ಒಂದು ವೇಷವಾಯಿತು. ದುರ್ಗದ ದಂಪತಿಗಳಿಗಾದರೋ ವೇಷವೇ ಇರಲಿಲ್ಲ. ಹೈದರನ ಬೇಹಿನವರು ಕೋಟೆಯ ಕಾವಲುಗಾರರನ್ನು ಎಣಿಸಿದ್ದರೂ ನೀರು ತರುವ ಹೆಂಗಸನ್ನು ಎಣಿಸುತ್ತಿರಲಿಲ್ಲ.

ಮುದ್ದಹನುಮನು ಕೈ ತೊಳೆದು ಬಂದು ನೋಡಿದಾಗ ಹೆಂಡತಿ ರಕ್ತಸಿಕ್ತವಾದ ಒನಕೆಯೊಡನೆ ನಿಂತಿದ್ದಳು, ಸುತ್ತ ಹೆಣಗಳು. ಅವನು ಕಹಳೆಯೂದಿದನು, ದಂಡು ಓಡಿಬಂದಿತು. ಜನರ ಬಾಯಲ್ಲಿ ಅವನು ಕಹಳೆ ಮುದ್ದಹನುಮ, ಅವಳು ಒನಕೆ ಓಬವ್ವ. ಇಬ್ಬರ ಹೆಸರಿಗೂ ಅವರವರ ಉಪಕರಣ ಅಂಟಿಕೊಂಡಿದೆ: ಒಂದು ಅರಮನೆ ಕೊಟ್ಟದ್ದು, ಇನ್ನೊಂದು ಅಡುಗೆಮನೆಯದು. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರು ಓಬವ್ವನಾಗಿ ನಿಂತಮೇಲೆ, ಕೋಟೆಯನ್ನು ಕಾಣದವರಿಗೂ ಆಕೆಯ ಮುಖ ಗೊತ್ತಾಯಿತು. ಊರಿನ ಕ್ರೀಡಾಂಗಣಕ್ಕೆ ಆಕೆಯ ಹೆಸರಿದೆ. 2021ರಿಂದ ನವೆಂಬರ್ 11ರಂದು ಸರ್ಕಾರವು ಆಕೆಯ ಜಯಂತಿಯನ್ನು ಆಚರಿಸುತ್ತಿದೆ. ಛಲವಾದಿ ಸಮುದಾಯದ ಒಬ್ಬ ಹೆಣ್ಣುಮಗಳಿಗೆ ಇಷ್ಟಾದರೂ ಸಲ್ಲಲು ಎರಡು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಮುದ್ದಹನುಮನನ್ನು ನೆನೆಯುವವರು ಕಡಿಮೆ.

ಅದೇ ದಿನ ಓಬವ್ವ ತೀರಿಕೊಂಡಳೆನ್ನುತ್ತಾರೆ. ಶತ್ರುವಿನ ಕೈಯಿಂದಲೆಂದು ಕೆಲವರು, ಮನಸ್ಸಿಗೆ ತಗಲಿದ ಆಘಾತದಿಂದಲೆಂದು ಕೆಲವರು. ಎರಡನೆಯದನ್ನು ನಾನು ನಂಬಬಲ್ಲೆ. ಯಜಮಾನರು ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟೆದ್ದ ರಾತ್ರಿಗಳನ್ನು ಕಂಡವಳು ನಾನು. ದುರ್ಗವೂ ಕಡೆಗೆ ಉಳಿಯಲಿಲ್ಲ. 1779ರಲ್ಲಿ ಹೈದರನ ವಶವಾಗಿ, ಮದಕರಿನಾಯಕನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದನು. ಆದರೆ ಓಬವ್ವ ಸತ್ತ ಆ ಸಂಜೆ ಕೋಟೆ ಇನ್ನೂ ನಾಯಕನದೇ ಆಗಿತ್ತು. ಮಣ್ಣು ಮಾಡಿ ಬಂದ ಮುದ್ದಹನುಮನು ಕಹಳೆಯನ್ನು ಹೆಗಲಿಗೇರಿಸಿಕೊಂಡು ಮತ್ತೆ ಕಾವಲಿಗೆ ಹೋಗಿರಬೇಕು. ಕಿಂಡಿಯಂತೂ ಅಲ್ಲಿಯೇ ಇತ್ತು.