ಮರಕ್ಕೆ ಬಿಡುವ ಜಾಗ

ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ಶಿವಮೊಗ್ಗದ ಹಳೆಯ ಮನೆಗಳಲ್ಲಿ ಬಾಗಿಲುಗಳ ತಕರಾರು ಶುರು. ಮೊದಲು ಬಚ್ಚಲಮನೆಯದು, ಆಮೇಲೆ ಹಿತ್ತಿಲ ಕಡೆಯದು, ಪುನರ್ವಸು ಬರುವ ಹೊತ್ತಿಗೆ ದೇವರಮನೆಯದೂ. ಬೆರಳು ತಾಗಿಸಿದರೆ ಸಾಕು ತಿರುಗುತ್ತಿದ್ದ ಕದವನ್ನು ಭುಜ ಕೊಟ್ಟು ನೂಕಬೇಕಾಗುತ್ತದೆ. ಮನೆಮಂದಿಗೆ ಅದು ಕಿರಿಕಿರಿ, ನನಗೆ ವರ್ಷದ ಅತಿ ಪ್ರೀತಿಯ ಕೆಲಸ ಬಂತೆಂಬ ಹಿಗ್ಗು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಹಳೆಯ ಪೋಸ್ಟ್ ಕಾರ್ಡೊಂದನ್ನು ಹಿಡಿದು ಬಾಗಿಲಿಂದ ಬಾಗಿಲಿಗೆ ಹೋಗುತ್ತೇನೆ.

ಪೋಸ್ಟ್ ಕಾರ್ಡಿನ ದಪ್ಪ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕದ ಮುಚ್ಚಿ, ಕದಕ್ಕೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಕಾರ್ಡು ತೂರಿಸಿ, ಮೇಲಿಂದ ಕೆಳಕ್ಕೆ ಎಳೆದುಕೊಂಡು ಬರಬೇಕು. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೊಂದು ಗುರುತು, ಮತ್ತೆ ಸಲೀಸಾದಲ್ಲಿ ಇನ್ನೊಂದು. ಚಿಲಕದ ಕಡೆಯ ಅಂಚು ಉದ್ದಕ್ಕೂ ಹಿಡಿಯುತ್ತಿದ್ದರೆ ಮರ ತೇವ ಕುಡಿದು ಉಬ್ಬಿದೆ ಎಂದರ್ಥ. ಆ ಅಂಚಿನ ಮೇಲಿನ ಮೂಲೆ ಮಾತ್ರ ಚೌಕಟ್ಟಿಗೆ ಉಜ್ಜಿ, ಕೆಳಗಿನ ಮೂಲೆ ಹೊಸ್ತಿಲನ್ನು ಕೆರೆಯುತ್ತಿದ್ದರೆ ಮರದ್ದೇನೂ ತಪ್ಪಿಲ್ಲ. ಮೇಲಿನ ಕೀಲಿನ ಸ್ಕ್ರೂ ಸಡಿಲವಾಗಿ ಕದ ಜೋತುಬಿದ್ದಿದೆ, ಅಷ್ಟೇ. ಇದಕ್ಕೆ ಹತ್ತರಿ ಮುಟ್ಟಲೇಬಾರದು. ಸ್ಕ್ರೂ ಬಿಚ್ಚಿ, ಆ ತೂತಿಗೆ ಫೆವಿಕಾಲ್ ಸವರಿದ ಬಿದಿರಿನ ಕಡ್ಡಿಗಳನ್ನು ಬಿಗಿಯಾಗಿ ಬಡಿದು, ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಿಗ್ಗೆ ಮಟ್ಟಕ್ಕೆ ಕತ್ತರಿಸಿ, ಮೊದಲಿನದಕ್ಕಿಂತ ಅರ್ಧ ಇಂಚು ಉದ್ದದ ಸ್ಕ್ರೂ ಹಾಕಿದರೆ ಕದ ಎದ್ದು ನಿಲ್ಲುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸಮಾಧಾನ ಕೊಡುವ ರಿಪೇರಿ ಮನೆಯಲ್ಲಿ ಬೇರೊಂದಿಲ್ಲ.

ನಿಜವಾಗಿ ಉಬ್ಬಿದ ಬಾಗಿಲಿನ ಕಥೆ ಬೇರೆ. ಮರವನ್ನು ಕಡಿದು, ಒಣಗಿಸಿ, ಬಾಗಿಲು ಮಾಡಿ, ಬಣ್ಣ ಬಳಿದ ಮೇಲೂ ಗಾಳಿಯ ತೇವದ ಜೊತೆ ಅದರ ಕೊಡುಕೊಳ್ಳುವಿಕೆ ನಿಲ್ಲುವುದಿಲ್ಲ. ಗಾಳಿಯ ಆರ್ದ್ರತೆ ಶೇಕಡಾ 40ರ ಆಸುಪಾಸಿನಲ್ಲಿದ್ದಾಗ ಮರದೊಳಗಿನ ನೀರು ಅದರ ಒಣ ತೂಕದ ಶೇಕಡಾ 7–8ರಷ್ಟಿರುತ್ತದೆ. ಅದೇ ಆರ್ದ್ರತೆ 90ಕ್ಕೇರಿ ವಾರಗಟ್ಟಲೆ ಅಲ್ಲೇ ನಿಂತರೆ ನೀರಿನ ಪಾಲು 20ರ ಹತ್ತಿರಕ್ಕೆ ಹೋಗುತ್ತದೆ. ಆಗುಂಬೆಯ ಮಳೆ ನಮ್ಮೂರಿಗಿಲ್ಲ, ಆದರೆ ತುಂಗೆ ತುಂಬಿ ಹರಿಯುವ ದಿನಗಳಲ್ಲಿ ಹೊದಿಕೆ, ಪುಸ್ತಕ, ಉಪ್ಪಿನ ಜಾಡಿ ಎಲ್ಲ ತಣ್ಣಗೆ ಜಿಬಿಜಿಬಿ ಎನ್ನುವಾಗ ಮರ ಮಾತ್ರ ಒಣಗಿರುವುದು ಹೇಗೆ? ಹಾಗೆ ಕುಡಿದ ಮರ ಉಬ್ಬುವುದು ಎಳೆಗೆ ಅಡ್ಡಲಾಗಿ. ಎಳೆಯ ಉದ್ದಕ್ಕೆ ಅದು ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು. ಆದ್ದರಿಂದ ಮಳೆಗಾಲದಲ್ಲಿ ಕದ ಎತ್ತರವಾಗುವುದಿಲ್ಲ, ಅಗಲವಾಗುತ್ತದೆ. ಎಲ್ಲ ಮರವೂ ಒಂದೇ ಸಮ ಉಬ್ಬುವುದೂ ಇಲ್ಲ. ತೇಗ ಕಡಿಮೆ ಅಲುಗಾಡುತ್ತದೆ, ಮತ್ತಿ ಅದಕ್ಕಿಂತ ಹೆಚ್ಚು. ಬಾಗಿಲಿಗೆ ತೇಗವೇ ಬೇಕೆಂದು ಹಿರಿಯರು ಹಟ ಹಿಡಿಯುತ್ತಿದ್ದುದು ಬರೀ ಚೆಂದಕ್ಕಲ್ಲ.

ಇದನ್ನೆಲ್ಲ ಅಂಕಿ-ಸಂಖ್ಯೆ ಇಲ್ಲದೆಯೇ ತಿಳಿದಿದ್ದವರು ನಮ್ಮ ಆಚಾರ್ರು. ಹಳೆಯ ಪ್ಯಾನೆಲ್ ಬಾಗಿಲೊಂದನ್ನು ಹತ್ತಿರದಿಂದ ನೋಡಿ. ಸುತ್ತ ನಾಲ್ಕು ದಪ್ಪ ಪಟ್ಟಿ, ಮಧ್ಯೆ ಒಂದೋ ಎರಡೋ ಅಡ್ಡಪಟ್ಟಿ, ನಡುವಿನ ಅಗಲದ ಹಲಗೆಗಳು ಪಟ್ಟಿಗಳಲ್ಲಿ ಕೊರೆದ ತೋಡಿನೊಳಗೆ ಕೂತಿರುತ್ತವೆ. ಹಲಗೆಗೆ ಅಂಟಿಲ್ಲ, ಮೊಳೆಯಿಲ್ಲ. ತೋಡಿನೊಳಗೆ ಅದಕ್ಕೆ ಒಂದಿಷ್ಟು ಖಾಲಿ ಜಾಗ ಬಿಟ್ಟಿರುತ್ತಾರೆ. ಮಳೆಗಾಲದಲ್ಲಿ ಹಲಗೆ ಆ ಜಾಗದೊಳಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಹಿಂದಕ್ಕೆ ಸರಿಯುತ್ತದೆ. ಹೊರಗಿನ ಚೌಕಕ್ಕೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಎರಡೂವರೆ ಅಡಿ ಅಗಲದ ಕದದಲ್ಲಿ ನಿಜವಾಗಿ ಹಿಗ್ಗಿ ಚೌಕಟ್ಟನ್ನು ಒತ್ತುವುದು ಎರಡು ಪಕ್ಕದ ನಾಲ್ಕು ನಾಲ್ಕು ಇಂಚಿನ ಪಟ್ಟಿ ಮಾತ್ರ. ಇಡೀ ಅಗಲದ ಹಿಗ್ಗುವಿಕೆಯನ್ನು ಹೀಗೆ ಎಂಟು ಇಂಚಿಗೆ ಇಳಿಸಿದ ಆ ಬುದ್ಧಿಯನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಕೋಟೆ ರಸ್ತೆಯ ಶಿವಪ್ಪ ನಾಯಕನ ಅರಮನೆಗೆ ಹೋದವರು ಅಲ್ಲಿಟ್ಟಿರುವ ಶಿಲ್ಪ, ಶಾಸನ ನೋಡಿ ಬರುತ್ತಾರೆ. ನಾನು ಆ ದಪ್ಪ ಮರದ ಕಂಬಗಳ ಬಳಿ ನಿಂತುಬಿಡುತ್ತೇನೆ. ಎಷ್ಟು ಮಳೆಗಾಲ ಕುಡಿದು, ಎಷ್ಟು ಬೇಸಿಗೆ ಆರಿ ನಿಂತ ಮರ ಅದು!

ಸಾಮಾನು ಬೇಕಾದಾಗ ನನ್ನ ಕಾಲು ತಾನಾಗಿ ಗಾಂಧಿ ಬಜಾರಿನ ಕಡೆ ನಡೆಯುತ್ತದೆ. ಶಿವಪ್ಪ ನಾಯಕ ವೃತ್ತದಿಂದ ಒಳಹೊಕ್ಕರೆ ಬಟ್ಟೆ, ಬಂಗಾರ, ಪಾತ್ರೆ, ಹೂವು ಎಲ್ಲ ದಾಟಿಕೊಂಡು ಒಂದು ಅಡ್ಡಬೀದಿಯ ಕಬ್ಬಿಣದ ಸಾಮಾನಿನ ಅಂಗಡಿ. ಬಾಗಿಲಲ್ಲಿ ಪ್ಲಾಸ್ಟಿಕ್ ಪೈಪು, ಹಗ್ಗದ ಸುರುಳಿ, ಗುದ್ದಲಿ ಕಾವು. ಒಳಗೆ ಗೋಡೆಯುದ್ದಕ್ಕೂ ಮರದ ಸಣ್ಣ ಡ್ರಾಯರುಗಳು, ಪ್ರತಿ ಡ್ರಾಯರಿನ ಮುಖಕ್ಕೆ ಒಳಗಿರುವ ಸಾಮಾನಿನದೇ ಒಂದು ತುಂಡು ಕಟ್ಟಿದ್ದಾರೆ. ಹೆಸರು ಗೊತ್ತಿಲ್ಲದವರೂ ಬೆರಳು ತೋರಿಸಿ ಕೇಳಬಹುದು. ಮೊಳೆ ತೂಕದಲ್ಲಿ, ಸ್ಕ್ರೂ ಡಜನ್ ಲೆಕ್ಕದಲ್ಲಿ, ಪೇಪರಿನ ಪೊಟ್ಟಣದಲ್ಲಿ. ಕೀಲು ಕೊಡಿ ಎಂದರೆ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ, "ಬಚ್ಚಲಿಗಾ ಒಳಗಿಂದಕ್ಕಾ ಮೇಷ್ಟ್ರೇ?" ಬಚ್ಚಲಿಗೆ ಅಂದರೆ ಕಬ್ಬಿಣದ ಪೆಟ್ಟಿಗೆ ಪಕ್ಕಕ್ಕೆ ತಳ್ಳಿ ಸ್ಟೇನ್‌ಲೆಸ್ ಸ್ಟೀಲಿನದು ತೆಗೆದಿಡುತ್ತಾರೆ. "ಸ್ಕ್ರೂನೂ ಇದ್ರದ್ದೇ ಹಾಕಿ. ಕೀಲು ಸ್ಟೀಲು, ಸ್ಕ್ರೂ ಕಬ್ಬಿಣ ಮಾಡ್ಬೇಡಿ." ಆ ಮಾತಿಗೆ ನಾನು ತಲೆಬಾಗುತ್ತೇನೆ. ಕೀಲು ಕೊಳ್ಳುವಾಗ ಎರಡು ರೆಕ್ಕೆಗಳನ್ನೂ ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಬೇಕು. ನಡುವಿನ ಕಡ್ಡಿ ಲಟಲಟ ಎಂದರೆ ವಾಪಸ್ಸು ಕೊಡಿ. ಮನೆಯ ಭಾರದ ಬಾಗಿಲಿಗೆ ನಾಲ್ಕಿಂಚಿನವು ಮೂರು ಇರಲಿ, ಎರಡಕ್ಕೆ ಒಪ್ಪಬೇಡಿ.

ಕಬ್ಬಿಣ ತುಕ್ಕು ಹಿಡಿಯುವುದಷ್ಟೇ ಸಮಸ್ಯೆಯಲ್ಲ. ಮತ್ತಿಯಂಥ ಒಗರಿನ ಮರಕ್ಕೆ ಕಬ್ಬಿಣದ ಮೊಳೆ ಹೊಡೆದು ತೇವ ತಾಗಿದರೆ ಮೊಳೆಯ ಸುತ್ತ ನೀಲಿಗಪ್ಪು ಕಲೆ ಹಬ್ಬುತ್ತದೆ. ಮರದ ಒಗರು, ಕಬ್ಬಿಣ, ನೀರು ಮೂರೂ ಸೇರಿ ಆಗುವ ಬಣ್ಣ ಅದು. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಪಾಠ ಮಾಡುತ್ತಿದ್ದ ದಿನಗಳಲ್ಲಿ ಮಕ್ಕಳಿಗೆ ಕಲೆಬಿದ್ದ ಹಲಗೆಯ ತುಂಡನ್ನೇ ತೋರಿಸಿ ಇದನ್ನು ಹೇಳುತ್ತಿದ್ದೆ.

ಮರ-ಕಬ್ಬಿಣದ ನಂಟು ನನಗೆ ಮನೆಯಿಂದಲೇ ಬಂದದ್ದು. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಮೈಸೂರು ಸಂಸ್ಥಾನ ಕಟ್ಟಿ, 1923ರಲ್ಲಿ ಉತ್ಪಾದನೆ ಶುರುಮಾಡಿದ ಆ ಕಾರ್ಖಾನೆಗೆ ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು, ಕುಲುಮೆಗೆ ಇದ್ದಿಲು ನಮ್ಮ ಮಲೆನಾಡಿನ ಕಾಡಿನ ಮರದಿಂದ. ಅಪ್ಪ ಮನೆಗೆ ತರುತ್ತಿದ್ದುದು ಸಂಬಳದ ಜೊತೆಗೆ ಒಂದು ಅಭ್ಯಾಸವನ್ನು: ಹತಾರ ಮಸೆಯದೆ ಕೆಲಸಕ್ಕೆ ಇಳಿಯಬಾರದು. ಕ್ವಾರ್ಟರ್ಸಿನ ಹಿತ್ತಿಲಲ್ಲಿ ಕೂತು ಸಾಣೆಕಲ್ಲಿಗೆ ಎರಡು ಹನಿ ಎಣ್ಣೆ ಬಿಟ್ಟು ಅಡುಗೆಮನೆಯ ಚಾಕುವನ್ನೂ ಅವರು ಉಳಿಯಷ್ಟೇ ಶ್ರದ್ಧೆಯಿಂದ ಮಸೆಯುತ್ತಿದ್ದರು.

ಹತ್ತರಿಯ ಅಲಗನ್ನು ನಾನೂ ಹಾಗೇ ಮಸೆಯುತ್ತೇನೆ. ಅಲಗಿನ ಓರೆ 25 ಡಿಗ್ರಿ, ತುದಿಯ ಕೂದಲಗಲದಷ್ಟು ಮಾತ್ರ ಕೊಂಚ ಎತ್ತಿ 30 ಡಿಗ್ರಿಗೆ. ಕಲ್ಲಿನ ಮೇಲೆ ತಳ್ಳುತ್ತಾ ಹೋದರೆ ಹಿಂಬದಿಯಲ್ಲಿ ಬೆರಳಿಗೆ ತೊಡಕುವ ಸಣ್ಣ ಮುರಿ ಏಳುತ್ತದೆ. ಅದು ಅಂಚಿನುದ್ದಕ್ಕೂ ಎದ್ದ ಮೇಲೆಯೇ ಅಲಗು ತಿರುವಿ, ಚಪ್ಪಟೆಯಾಗಿ ಇಟ್ಟು, ಎರಡು ಎಳೆತಕ್ಕೆ ಮುರಿ ತೆಗೆಯುವುದು. ತೋಳಿನ ರೋಮ ಬೋಳಿಸಿದರೆ ಸಾಕು, ಹರಿತ ಬಂತು.

ಇನ್ನು ಕದ ಇಳಿಸುವುದು. ಕದದ ಕೆಳಗೆ ಬೆಣೆ ಕೊಟ್ಟು ಭಾರ ಹೊರಿಸಿ, ಮೊದಲು ಕೆಳಗಿನ ಕೀಲು ಬಿಚ್ಚಿ, ಕೊನೆಗೆ ಮೇಲಿನದು. ಏರಿಸುವಾಗ ಇದರ ತಿರುಗುಮುರುಗು. ಕೀಲಿನ ಅಂಚು ಕೆಳಗಾಗುವಂತೆ ಕದವನ್ನು ಗೋಣಿಚೀಲದ ಮೇಲೆ ನಿಲ್ಲಿಸಿ, ಮೂಲೆಗೆ ಒರಗಿಸಿ, ಗುರುತಿನಿಂದ ಗುರುತಿಗೆ ಹತ್ತರಿ ಓಡಿಸಬೇಕು. ಎಳೆ ಯಾವ ದಿಕ್ಕಿಗೆ ಏರುತ್ತದೆಂದು ಪಕ್ಕದಿಂದ ನೋಡಿ ಅದೇ ದಿಕ್ಕಿಗೆ ಹೋದರೆ ಸಿಪ್ಪೆ ಉದ್ದಕ್ಕೆ ಸುರುಳಿ ಸುತ್ತಿ ಬರುತ್ತದೆ. ಎದುರು ಹೋದರೆ ಮರ ಕಿತ್ತುಬರುತ್ತದೆ, ಕೈಗೆ ತಕ್ಷಣ ತಿಳಿಯುತ್ತದೆ, ದಿಕ್ಕು ಬದಲಿಸಿದರಾಯಿತು. ತೆಳ್ಳಗೆ ಕೀಸಿದ ತೇಗದ ಸುರುಳಿಯ ಮೂಲಕ ಬೆಳಕು ಹಾಯುತ್ತದೆ. ಅದರ ಎಣ್ಣೆಯ, ಹಳೆಯ ತೊಗಲಿನ ಹಾಗಿನ ವಾಸನೆ ಮಳೆಯ ಮಣ್ಣುವಾಸನೆಯ ಜೊತೆ ಬೆರೆತು ಕೋಣೆ ತುಂಬುವಾಗ ನನಗೆ ಬೇರೆ ಏನೂ ಬೇಡ. ಕದ ಮುಚ್ಚುವಾಗ ಚೌಕಟ್ಟಿನೊಳಗೆ ಮೊದಲು ಹೊಗುವ ಅಂಚನ್ನು ಒಂದಿಷ್ಟು ಹೆಚ್ಚು ಕೀಸಿ ಓರೆ ಕೊಡಬೇಕು. ಆ ಓರೆಯಿದ್ದರೆ ಸಂದಿ ಕಿರಿದಾಗಿದ್ದರೂ ಕದ ಉಜ್ಜದೆ ಹೊಗುತ್ತದೆ. ನಾಲ್ಕು ಸಲ ತಳ್ಳಿ, ಕದ ಏರಿಸಿ ನೋಡಿ, ಮತ್ತೆ ಇಳಿಸಿ. ತೆಗೆದ ಮರ ಮತ್ತೆ ಸೇರುವುದಿಲ್ಲ.

ಅದಕ್ಕೇ ಗಡಿಬಿಡಿ ಬೇಡ ಎನ್ನುವುದು. ನನಗೆ ಹತ್ತರಿ ಹಿಡಿಯಲು ಕಲಿಸಿದ ಆಚಾರ್ರು ಒಂದು ಕ್ರಮ ಹೇಳಿಕೊಟ್ಟಿದ್ದರು: "ಆರಿದ್ರೇಲಿ ಗುರುತು ಹಾಕಿ ಮೇಷ್ಟ್ರೇ, ಆಶ್ಲೇಷದಲ್ಲಿ ಇನ್ನೊಂದ್ಸಲ ನೋಡಿ. ಕದ ತೆಗಿಯಕ್ಕೇ ಆಗ್ತಿಲ್ಲ ಅಂದ್ರೆ ಮಾತ್ರ ಆಗ ಕೀಸಿ. ಇಲ್ಲಾಂದ್ರೆ ಸ್ವಾತಿ ಮಳೆ ಕಳೀಲಿ." ಭರಾಟೆ ಮಳೆಯಲ್ಲಿ ಧಾರಾಳವಾಗಿ ಕೀಸಿದ ಕದ ಮಾರ್ಚ್ ತಿಂಗಳಲ್ಲಿ ಬೆರಳು ತೂರುವಷ್ಟು ಸಂದಿ ಬಿಡುತ್ತದೆ. ಮಳೆಗಾಲದ ಗುರುತನ್ನು ನಂಬಿ, ಮರ ಆರಿದ ಮೇಲೆ ಅಳತೆಯಾಗಿ ಕೀಸಿ, ಕೂಡಲೇ ಬಣ್ಣ ಮುಚ್ಚುವುದೇ ಸರಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ ಬರುವ ವರ್ಷವಂತೂ ಊರೆಲ್ಲ ಸುಣ್ಣಬಣ್ಣಕ್ಕೆ ಇಳಿದಿರುತ್ತದೆ. ಆ ಒಣ ತಿಂಗಳುಗಳೇ ಮರಗೆಲಸಕ್ಕೂ ಹದ.

ಗಾರೆ ಕೆಲಸದಲ್ಲಿ ನನಗೆ ಅಷ್ಟು ರುಚಿಯಿಲ್ಲ, ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ತಾರಸಿಯ ಬಿರುಕು ಮುಚ್ಚಿಸಿದಾಗ ಮೇಸ್ತ್ರಿ ಹೋದ ಮೇಲಿನ ನೀರುಣಿಸುವ ಕೆಲಸ ಮನೆಯವರದ್ದೇ. ಇವತ್ತು ಸಿಗುವ ಚೀಲಗಳಲ್ಲಿ ಹಾರುಬೂದಿ ಬೆರೆತ ಸಿಮೆಂಟೇ ಹೆಚ್ಚು. ಅದಕ್ಕೆ ಕನಿಷ್ಠ 10 ದಿನ ಒದ್ದೆ ಗೋಣಿ ಹೊದಿಸಿಡಬೇಕು. ಮೂರು ದಿನಕ್ಕೆ ಕೈಬಿಟ್ಟ ಗಾರೆ ಮುಂದಿನ ಮಳೆಗೆ ಮತ್ತೆ ಬಾಯಿ ಬಿಡುತ್ತದೆ.

ಈಚೆಗೆ ಗೋಪಾಳದ ಕಡೆ ಮನೆ ಕಟ್ಟಿಸುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿಯೊಡನೆ ಬಂದು, "ಸಾರ್, ಬಾಗಿಲಿಗೆ ಏನು ಹಾಕ್ಸೋದು?" ಎಂದು ಕೇಳಿದ. ಬಚ್ಚಲಿಗೆ ಪ್ಲಾಸ್ಟಿಕ್ ಬೆರಕೆಯ ಹೊಸ ಹಲಗೆಯದೇ ಇರಲಿ, ನೀರಿನ ಜೊತೆ ದಿನವೂ ಗುದ್ದಾಡುವ ಜಾಗ ಅದು. ಮುಂಬಾಗಿಲಿಗೆ, ದೇವರಮನೆಗೆ ಮರವೇ ಆಗಲಿ ಎಂದೆ. ಕಳಚಿದ ಹಳೆಮನೆಯ ತೇಗ ಸಿಕ್ಕರೆ ಬಿಡಬೇಡ. ಹಸಿ ಮರದ ಹಾಗೆ ಅದು ಸೊಟ್ಟಗಾಗಿ ಕಾಡುವುದು ಕಡಿಮೆ. ಏಪ್ರಿಲ್‌ನಲ್ಲಿ ಕದ ಕೂರಿಸಿದರೆ ಚಿಲಕದ ಕಡೆ ಮೂರು ಮಿಲಿಮೀಟರ್ ಸಂದಿ ಇರಲಿ, ಜುಲೈನಲ್ಲಾದರೆ ಎರಡಕ್ಕೆ ಇಳಿಸು. ಅವನ ಹೆಂಡತಿ ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡಳು. "ಇನ್ನೇನಾದ್ರೂ ಇದೆಯಾ ಸಾರ್?" ಎಂದು ಅವಳೇ ಕೇಳಿದ್ದರಿಂದ ಎಲ್ಲಕ್ಕಿಂತ ಮುಖ್ಯವಾದದ್ದು ಹೇಳಿದೆ. ಕದದ ಎರಡು ಮುಖಕ್ಕೂ ಮೂರು ಕೋಟು ಪಾಲಿಶ್ ಕೊಡುತ್ತಾರೆ, ಮೇಲಂಚು ಕೆಳಂಚನ್ನು ಬಹಳ ಜನ ಹಾಗೇ ಬಿಡುತ್ತಾರೆ. ಅಲ್ಲಿ ಪಟ್ಟಿಗಳ ಎಳೆಯ ತುದಿಗಳು ತೆರೆದಿರುತ್ತವೆ, ಮರ ಅತಿ ಹೆಚ್ಚು ನೀರೆಳೆಯುವುದು ಆ ತುದಿಗಳಿಂದಲೇ. ಒರೆಸುವ ನೀರು, ಜಗಲಿಯ ಎರಚಲು ಎಲ್ಲ ಕೆಳಂಚಿನಿಂದ ಒಳಕ್ಕೆ ಹತ್ತುತ್ತದೆ. ಕದ ಏರಿಸಿದ ದಿನ ಒಂದು ಸಣ್ಣ ಕನ್ನಡಿಯನ್ನು ನೆಲದ ಮೇಲೆ ಮಲಗಿಸಿ ಕದದ ಕೆಳಗೆ ಜಾರಿಸಿ ನೋಡಮ್ಮ. ಬರೀ ಮರ ಕಂಡರೆ, ಆಚಾರ್ರು ಚಹಾ ಕುಡಿದು ಹೊರಡುವ ಮುಂಚೆಯೇ ಕದ ಇಳಿಸಲು ಹೇಳು.